ಕೋಗಿಲೆ ಎಂಬ ಬಿರುದು, ಹಾಡಾಕಿಯ ಕೊರಳು

ಸವದತ್ತಿ ಸೀಮೆಯ ಊರೊಂದರಲ್ಲಿ ಜಾನಪದ ಸಂಭ್ರಮ ನಡೆದಾಗ ಎಪ್ಪತ್ತು ದಾಟಿದ ಒಬ್ಬ ಜೋಗತಿಗೆ ಶಾಲು ಹೊದಿಸಿದರು. ಚೌಡಿಕಿ ಬಾರಿಸಿಕೊಂಡು ಹಾಡಿ ಹಾಡಿಯೇ ಮುಪ್ಪಾದ ಜೀವ. ಸನ್ಮಾನಪತ್ರ ಓದಿದವರು ಆಕೆಯನ್ನು ‘ಜಾನಪದ ಕೋಗಿಲೆ’ ಎಂದು ಕರೆದರು, ಜನ ಚಪ್ಪಾಳೆ ತಟ್ಟಿದರು. ವೇದಿಕೆ ಇಳಿದು ಬಂದ ಆಯಿ ನನ್ನ ಬಾಜೂಕ ಕೂತಳು. ಆಕೆಗೆ ಅಕ್ಷರ ಬರುವುದಿಲ್ಲ. ಪತ್ರವನ್ನು ತಿರುವಿ ಮುರುವಿ ನೋಡಿ ಕೇಳಿದಳು:

‘ತಮ್ಮಾ, ಕೋಗಿಲಿ ಅಂದ್ರಲ್ಲ ನನಗ, ಕೋಗಿಲಿಗೆ ಗೂಡ ಇರೂದಿಲ್ಲ ಹೌದಲ್ಲೋ? ಹಂಗಾರ ನನಗೂ ಮನಿ ಕೊಡೂದಿಲ್ಲ ಅಂತ ಹೇಳಾಕತ್ತಾರೇನ ಇವ್ರು?’

ಮನೆ ಕೊಡಿಸಿರೆಂದು ಆಕೆ ಅರ್ಜಿ ಹಾಕಿ ಬಹಳ ದಿನ ಆಗಿತ್ತು. ನಾನು ನಕ್ಕೆ. ನಕ್ಕದ್ದು ತಪ್ಪೆಂದು ಬಸ್ಸಿನಲ್ಲಿ ಬರುವಾಗ ಅನ್ನಿಸಿತು. ಒಂದು ಬಿರುದಿನ ಹೊಟ್ಟೆಯೊಳಗೆ ಏನೇನಿದೆ ಎಂದು ಬಗೆದು ನೋಡುವ ವಿಮರ್ಶೆಯನ್ನು ಆ ಮುದುಕಿ ಒಂದೇ ಮಾತಿನಲ್ಲಿ ಮಾಡಿ ಮುಗಿಸಿದ್ದಳು. ನಾವು ಪುಸ್ತಕ ಓದಿದವರು ಅದನ್ನೇ ಉದ್ದ ಮಾಡಿ ಬರೆಯಬೇಕಾಗಿದೆ, ಅಷ್ಟೆ.

ಮೊದಲು ನಮ್ಮ ಸೀಮೆಯ ಆಡುಮಾತನ್ನು ನೋಡೋಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಅಂದರೆ ಹಳೆಯ ತೊರಗಲ್ಲ ನಾಡಿನ ಸುತ್ತು. ಇಲ್ಲಿ ಹಕ್ಕಿಗಳು ಹಾಡುವುದಿಲ್ಲ. ಕೋಗಿಲಿ ಕೂಗತೈತಿ, ಕಾಗಿ ಒದರತೈತಿ, ಹಾಲಕ್ಕಿ ನುಡೀತೈತಿ. ಹಾಡುವ ಕ್ರಿಯಾಪದವನ್ನು ನಮ್ಮ ಜನ ಮನುಷ್ಯರಿಗೆ ಮೀಸಲಿಟ್ಟಿದ್ದಾರೆ. ಬೀಸುವಾಗ, ಕುಟ್ಟುವಾಗ, ಹಂತಿ ಹೊಡೆಯುವಾಗ, ಹೆಣದ ಮುಂದೆ ಕೂತಾಗ ಹಾಡುತ್ತಾರೆ. ಹಾಗೆ ಹಾಡುವವಳು ‘ಹಾಡಾಕಿ’. ಹರದೇಶಿ-ನಾಗೇಶಿ ಮೇಳಗಳು ರಾತ್ರಿಯೆಲ್ಲ ಎದುರುಬದರು ಕೂತು ಸವಾಲು-ಜವಾಬು ನಡೆಸುವುದಕ್ಕೆ ‘ಹಾಡಕಿ’ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಕೆಲಸದ ವಾಸನೆ ಇದೆ. ‘ಹಾಡುಹಕ್ಕಿ’ ಎಂಬುದು ಪುಸ್ತಕದ ಕಡೆಯಿಂದ, ಭಾಷಣದ ಕಡೆಯಿಂದ ಬಂದದ್ದು.

ಹಾಲಕ್ಕಿಯ ಮಾತು ಬೇರೆ. ಹಕ್ಕಿಗಳನ್ನು ಬಲ್ಲವರು ಈ ಹೆಸರಿನಿಂದ ಗುರುತಿಸುವುದು ಒಂದು ಸಣ್ಣ ಗೂಬೆಯನ್ನು. ಮೈಮೇಲೆ ಬಿಳಿ ಚುಕ್ಕೆ, ಹಳದಿ ಕಣ್ಣು, ಬೆಳಗಿನ ಜಾವಕ್ಕೂ ಮುಸ್ಸಂಜೆಗೂ ಕಿಚಿಕಿಚಿ ಗದ್ದಲ. ಬುಡಬುಡಿಕೆಯವರು ನಸುಕಿನಲ್ಲಿ ಬಾಗಿಲಿಗೆ ಬಂದು ಬುಡಬುಡಿಕೆ ಆಡಿಸುತ್ತ ಹಾಲಕ್ಕಿ ಹೀಗೆ ನುಡಿಯಿತು, ಹಾಗೆ ನುಡಿಯಿತು ಎಂದು ಶಕುನ ಹೇಳುತ್ತಾರೆ. ಬೇರೆ ಯಾರು ಕೂಗಿದರೂ ಅಪಶಕುನವಾದ ಗೂಬೆ ಒಬ್ಬ ಅಲೆಮಾರಿಯ ಬಾಯಲ್ಲಿ ಶುಭ ನುಡಿಯುವ ಹಕ್ಕಿಯಾಗುತ್ತದೆ. ಇಂಪು ಇಲ್ಲದ ದನಿಗೂ ಅರ್ಥ ಇರಬಹುದೆಂದು ಒಪ್ಪಿಕೊಂಡ ಲೋಕ ಅದು. ಆ ಅರ್ಥ ಕೇಳಿಸಿಕೊಂಡವರು ಒಂದು ಹಿಡಿ ಕಾಳು, ಒಂದು ಹಳೆ ಅಂಗಿ ಕೊಟ್ಟು ಕಳಿಸಿದರು. ಬಿರುದು ಕೊಡಲಿಲ್ಲ, ನಿಜ. ಆದರೆ ಗೂಬೆಯನ್ನು ಕೋಗಿಲೆ ಎಂದು ಸುಳ್ಳೂ ಹೇಳಲಿಲ್ಲ.

ಇನ್ನು ಸಂಸ್ಕೃತದ ಕಡೆ ಹೋಗೋಣ. ನಮ್ಮ ಗೆಳೆಯರಲ್ಲಿ ಕೆಲವರು ಅದರ ಗೊಡವೆಯೇ ಬೇಡ ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಯಜಮಾನಿಕೆ ಸಂಸ್ಕೃತಿಯ ಲೆಕ್ಕದ ಪುಸ್ತಕವನ್ನು ತೆರೆದು ನೋಡದೆ ಅದು ನಮಗೆ ಎಷ್ಟು ಬಾಕಿ ಕೊಡಬೇಕೆಂದು ಗೊತ್ತಾಗುವುದಿಲ್ಲ.

ಕೋಗಿಲೆಗೆ ಸಂಸ್ಕೃತದಲ್ಲಿ ‘ಪಿಕ’ ಎಂಬ ಹೆಸರಿದೆ. ಕನ್ನಡದ ಹಳೆಯ ಕವಿಗಳೂ ಇದನ್ನು ಧಾರಾಳವಾಗಿ ಬಳಸಿದ್ದಾರೆ. ಯಜುರ್ವೇದದ ಅಶ್ವಮೇಧದ ಪ್ರಾಣಿಪಟ್ಟಿಯಲ್ಲೂ ಪಿಕ ಬರುತ್ತದೆ. ಈ ಶಬ್ದದ ಸುತ್ತ ಮೀಮಾಂಸಕರಲ್ಲಿ ಒಂದು ವಾಗ್ವಾದ ನಡೆಯಿತು. ಜೈಮಿನಿಯ ಸೂತ್ರಗಳಿಗೆ ಶಬರ ಬರೆದ ಭಾಷ್ಯದಲ್ಲಿ ಅದು ಇದೆ. ವೇದದಲ್ಲಿ ಬರುವ ಕೆಲವು ಶಬ್ದಗಳಿಗೆ ಆರ್ಯರ ಬಳಕೆಯಲ್ಲಿ ಅರ್ಥವೇ ಇಲ್ಲ, ಮ್ಲೇಚ್ಛರ ಬಳಕೆಯಲ್ಲಿ ಮಾತ್ರ ಇದೆ. ಪಿಕ ಅಂಥದೊಂದು, ತಾವರೆಗೆ ಹೇಳುವ ‘ತಾಮರಸ’ ಇನ್ನೊಂದು, ಅರ್ಧಕ್ಕೆ ಹೇಳುವ ‘ನೇಮ’ ಮತ್ತೊಂದು. ಇವುಗಳಿಗೆ ವ್ಯಾಕರಣದಿಂದ ಧಾತು ಹುಡುಕಿ ಹೊಸ ಅರ್ಥ ಕಟ್ಟಬೇಕೋ, ಮ್ಲೇಚ್ಛರು ಹೇಳುವ ಅರ್ಥವನ್ನೇ ತೆಗೆದುಕೊಳ್ಳಬೇಕೋ? ಕೊನೆಗೆ ಬಂದ ತೀರ್ಮಾನ: ಮ್ಲೇಚ್ಛರ ಅರ್ಥವನ್ನೇ ತೆಗೆದುಕೊಳ್ಳಿರಿ. ಅದಕ್ಕೆ ಶಬರ ಕೊಡುವ ಕಾರಣ ಇನ್ನೂ ಸೊಗಸಾಗಿದೆ. ಹಕ್ಕಿಗಳನ್ನು ಸಾಕುವುದರಲ್ಲಿ, ಹಿಡಿಯುವುದರಲ್ಲಿ ಮ್ಲೇಚ್ಛರೇ ಹೆಚ್ಚು ನುರಿತವರಂತೆ!

ಇದನ್ನು ನಿಧಾನವಾಗಿ ಓದಬೇಕು. ಶಬ್ದ ಮ್ಲೇಚ್ಛರದು, ತಿಳುವಳಿಕೆ ಮ್ಲೇಚ್ಛರದು ಎಂದು ವೇದಪ್ರಾಮಾಣ್ಯದ ಕಟ್ಟಾಳುಗಳೇ ಒಪ್ಪಿಕೊಂಡಿದ್ದಾರೆ. ಏಳನೆಯ ಶತಮಾನದ ಕುಮಾರಿಲ ಭಟ್ಟ ಇದೇ ಚರ್ಚೆಯನ್ನು ಮುಂದುವರಿಸುತ್ತ ದ್ರಾವಿಡ ಮಾತುಗಳನ್ನು ತರುತ್ತಾನೆ. ಅನ್ನಕ್ಕೆ, ಹಾವಿಗೆ, ಹೊಟ್ಟೆಗೆ ನಮ್ಮ ಕಡೆಯ ಜನ ಹೇಳುವ ಶಬ್ದಗಳಿಗೆ ಸಂಸ್ಕೃತದ ಬಾಲ ಅಂಟಿಸಿ ಅರ್ಥ ಕೆಡಿಸುವವರನ್ನು ಅವನು ಗದರಿಸುತ್ತಾನೆ. ಆದರೆ ಒಪ್ಪಿಗೆ ಶಬ್ದದ ಮಟ್ಟಕ್ಕೇ ನಿಂತಿತು. ಹಕ್ಕಿಯನ್ನು ಬಲ್ಲವನ ಬಾಯಿಂದ ಅರ್ಥ ತೆಗೆದುಕೊಂಡರು, ಅವನನ್ನು ಯಜ್ಞಶಾಲೆಯ ಒಳಗೆ ಬಿಡಲಿಲ್ಲ. ಜಾನಪದ ಸಂಗ್ರಹ ಎಂದು ನಾವು ಇವತ್ತು ಕರೆಯುವ ವ್ಯವಹಾರದ ಮೊದಲ ಕರಾರುಪತ್ರ ಇದೇ ಇರಬೇಕು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಹಕ್ಕಿಯನ್ನು ಸಾಕಿ, ಹಿಡಿದು ಬದುಕುತ್ತಿದ್ದ ನುರಿತವರ ಇಂದಿನ ವಾರಸುದಾರರು ಯಾರು ಎಂದರೆ, ಕರ್ನಾಟಕದಲ್ಲಿ ಹಕ್ಕಿಪಿಕ್ಕಿಗಳ ಕಡೆ ಕೈ ತೋರಿಸಬೇಕು. ಪಿಕಕ್ಕೂ ಪಿಕ್ಕಿಗೂ ನಂಟು ಕಟ್ಟುವ ಹುಚ್ಚಿಗೆ ನಾನು ಹೋಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅವರ ಆ ತಿಳುವಳಿಕೆಯೇ ಅಪರಾಧವಾಯಿತು ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಹಕ್ಕಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಹಕ್ಕಿಯನ್ನು ಬಲ್ಲವರು ಹೇಗೆ ಉಳಿಯಬೇಕೆಂದು ಮಾತ್ರ ಕಾಯಿದೆ ಯೋಚಿಸಲಿಲ್ಲ.

ಅಮರಕೋಶದಲ್ಲಿ ಇನ್ನೊಂದು ಚೋದ್ಯ ಇದೆ. ಕೋಗಿಲೆಯ ಪರ್ಯಾಯ ಪದಗಳಲ್ಲಿ ಒಂದು ‘ಪರಭೃತ’. ಬೇರೆಯವರಿಂದ ಸಾಕಿಸಿಕೊಂಡದ್ದು ಎಂದರ್ಥ. ಕಾಗೆಯ ಪರ್ಯಾಯ ಪದಗಳಲ್ಲಿ ಒಂದು ‘ಪರಭೃತ್’. ಬೇರೆಯವರನ್ನು ಸಾಕುವಂಥದು. ನಡುವೆ ಇರುವುದು ಒಂದೇ ಒಂದು ಅಕಾರ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ, ಕಾಗೆ ಕಾವು ಕೊಟ್ಟು ಗುಟುಕು ಕೊಟ್ಟು ಬೆಳೆಸುತ್ತದೆ. ಇದು ಕೋಶಕಾರನಿಗೆ ಚೆನ್ನಾಗಿ ಗೊತ್ತಿತ್ತು. ಸಾಕಿದವರು ಯಾರು, ಸಾಕಿಸಿಕೊಂಡವರು ಯಾರು ಎಂಬ ಲೆಕ್ಕ ಪಕ್ಕಾ ಬರೆದಿಟ್ಟಿದ್ದಾನೆ. ಕಾವ್ಯಕ್ಕೆ ಬಂದಾಗ ಸಾಕಿಸಿಕೊಂಡದ್ದು ವಸಂತದ ದೂತನಾಯಿತು, ಮನ್ಮಥನ ಕಹಳೆಯಾಯಿತು. ಸಾಕಿದ್ದು ಪಿಂಡ ತಿನ್ನುವ ‘ಬಲಿಭುಕ್’ ಆಗಿ ಸ್ಮಶಾನದ ಕಡೆಗೆ ಹೋಯಿತು.

ಕಾಗೆಯ ವಿಷಯದಲ್ಲಿ ಮೇಲುಜಾತಿಯ ನಡವಳಿಕೆ ನಮ್ಮ ವಿಷಯದಲ್ಲಿ ಇದ್ದಂತೆಯೇ ಇದೆ. ಸತ್ತವರ ಕೂಳನ್ನು ಕಾಗೆ ಮುಟ್ಟದಿದ್ದರೆ ಪಿತೃಗಳಿಗೆ ತೃಪ್ತಿ ಇಲ್ಲ. ಮುಟ್ಟಲೆಂದು ಕೈಮುಗಿದು ಕಾಯುತ್ತಾರೆ. ಅದೇ ಕಾಗೆ ತಲೆಗೆ ತಾಗಿದರೆ ಮೈಲಿಗೆ, ಜಳಕ ಮಾಡಬೇಕು. ಹೆಣ್ಣುಮಕ್ಕಳು ಹೊರಗೆ ಕೂತರೆ ‘ಕಾಗಿ ಮುಟ್ಟೈತಿ’. ಹಲಗೆ ಬಾರಿಸಲು, ಸತ್ತ ದನ ಎಳೆಯಲು, ಸುದ್ದಿ ಒಯ್ಯಲು ನಾವು ಬೇಕು. ಕೆಲಸ ಮುಗಿದ ಮೇಲೆ ನಮ್ಮ ನೆರಳು ಬೇಡ. ಈ ವಿಷಯದಲ್ಲಿ ಹನ್ನೆರಡನೆಯ ಶತಮಾನದ ಬಸವಣ್ಣ ನೋಡಿದ ಕಾಗೆಯೇ ಬೇರೆ. ಒಂದು ಅಗುಳು ಕಂಡರೂ ತನ್ನ ಬಳಗವನ್ನು ಕರೆದು ಉಣ್ಣುವ ಜೀವಿಯೆಂದು ಅದನ್ನು ಭಕ್ತರಿಗೆ ಪಾಠವಾಗಿ ತೋರಿಸಿದ. ಅವನು ಕೋಗಿಲೆಯನ್ನು ಆರಿಸಲಿಲ್ಲ ಎಂಬುದನ್ನು ನಮ್ಮ ವಚನ ವಿಮರ್ಶಕರು ಯಾಕೆ ಗಮನಿಸಲಿಲ್ಲವೋ.

ಸಾಲೆಯ ನೆನಪು ಒಂದು ಹೇಳಬೇಕು. ಕಾಗೆಯೂ ಕಪ್ಪು, ಕೋಗಿಲೆಯೂ ಕಪ್ಪು, ವಸಂತಕಾಲ ಬಂದಾಗ ಯಾವುದು ಯಾವುದೆಂದು ತಿಳಿಯುತ್ತದೆ ಎಂಬ ಅರ್ಥದ ಒಂದು ಸುಭಾಷಿತ ಇದೆಯಲ್ಲ, ಅದನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಮಾಸ್ತರರು ಅರ್ಥ ವಿವರಿಸಿ, ‘ಈ ವರ್ಗದಾಗ ಕಾಗಿ ಯಾರು, ಕೋಗಿಲಿ ಯಾರು?’ ಎಂದು ಚೇಷ್ಟೆಗೆ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಎಲ್ಲರ ಕಣ್ಣು ಮಾತ್ರ ಹಿಂದಿನ ಸಾಲಿಗೆ, ನಾವು ಮೂವರು ಕೂತಲ್ಲಿಗೆ ಬಂದವು. ಅವರು ಕೆಟ್ಟವರಲ್ಲ, ನಮಗೆ ಪಾಟಿ ಪೆನ್ಸಿಲ್ಲು ಕೊಡಿಸಿದವರು. ಶ್ಲೋಕವೇ ಹಾಗಿದೆ. ಬಣ್ಣ ಒಂದೇ ಆದರೂ ಹುಟ್ಟು ಬೇರೆ, ಹುಟ್ಟು ಯಾವತ್ತಾದರೂ ಗೊತ್ತಾಗಿಯೇ ತೀರುತ್ತದೆ ಎಂದು ಅದು ಹೇಳುತ್ತದೆ. ಗುಣದ ಮಾತಿನಂತೆ ಕಾಣುವ ಜಾತಿಯ ಮಾತು.

ಆ ಶ್ಲೋಕಕ್ಕೆ ಉತ್ತರ ನನಗೆ ಸಿಕ್ಕಿದ್ದು ಬಹಳ ವರ್ಷಗಳ ನಂತರ, ಪಕ್ಷಿಶಾಸ್ತ್ರದ ಪುಸ್ತಕದಲ್ಲಿ. ವಿಜ್ಞಾನಿಗಳು ಹಾಡುಹಕ್ಕಿಗಳು ಎಂದು ಒಂದು ದೊಡ್ಡ ಗುಂಪು ಮಾಡಿದ್ದಾರೆ. ಗಂಟಲಿನ ದನಿಪೆಟ್ಟಿಗೆಯ ಸ್ನಾಯುಗಳ ರಚನೆ ನೋಡಿ ಮಾಡಿದ ವರ್ಗೀಕರಣ ಅದು. ಗುಬ್ಬಿ, ಪಿಕಳಾರ, ಗೊರವಂಕ, ಮಡಿವಾಳ ಹಕ್ಕಿ ಎಲ್ಲ ಅದರಲ್ಲಿವೆ. ಕಾಗೆಯೂ ಇದೆ. ಕೋಗಿಲೆ ಇಲ್ಲ! ಅದರ ಕುಲವೇ ಬೇರೆ, ಚೆಂಬೂತದ ಬಳಗ. ಈ ಗುಂಪಿನ ಹಕ್ಕಿಗಳು ದನಿಯನ್ನು ಹಿರಿಯರಿಂದ ಕೇಳಿ ಕಲಿಯುತ್ತವೆ. ಕಲಿಸುವ ದನಿ ಕೇಳದಂತೆ ಬೆಳೆಸಿದ ಮರಿ ಸರಿಯಾಗಿ ಹಾಡಲಾರದು. ಕೋಗಿಲೆ ಹಾಗಲ್ಲ. ಕಾಗೆಯ ಗೂಡಿನಲ್ಲಿ ಬೆಳೆದರೂ ಅದು ಕಾಗೆಯಂತೆ ಕೂಗುವುದಿಲ್ಲ, ಅದರ ಕೂಗು ಹುಟ್ಟಿನಿಂದಲೇ ಬಂದದ್ದು. ಸುಭಾಷಿತಕಾರನಿಗೆ ಹುಟ್ಟಿನಿಂದ ಬಂದದ್ದೇ ಶ್ರೇಷ್ಠ ಅನ್ನಿಸಿತು. ಕಲಿತು ಬಂದದ್ದನ್ನು ಹಾಡು ಎನ್ನಬೇಕೆಂದರೆ ಹಾಡುಹಕ್ಕಿ ಕಾಗೆಯೇ. ವಿಜ್ಞಾನ ನಮ್ಮ ಪರವಾಗಿ ಸಾಕ್ಷಿ ನುಡಿಯಿತೆಂದು ಕುಣಿಯಬೇಕಾಗಿಲ್ಲ. ಕಾಗೆಗೂ ದಲಿತನಿಗೂ ಸಮೀಕರಣ ಬರೆಯುವುದು ನನ್ನ ಉದ್ದೇಶವೂ ಅಲ್ಲ. ಆದರೆ ‘ಸಹಜ ಸೌಂದರ್ಯ’ ಎಂದು ಕಾವ್ಯಮೀಮಾಂಸೆ ನಂಬಿಸಿದ್ದರಲ್ಲಿ ಎಷ್ಟು ಸಹಜ, ಎಷ್ಟು ಹುನ್ನಾರ ಎಂದು ಕೇಳುವುದಕ್ಕೆ ಇದೊಂದು ಒಳ್ಳೆಯ ನೆಲೆ.

ಇನ್ನೂ ಒಂದು ಮಾತು. ನಮ್ಮ ಕೋಗಿಲೆಯಲ್ಲಿ ಕುಹೂ ಎಂದು ಏರುದನಿಯಲ್ಲಿ ಕೂಗುವುದು ಗಂಡು, ಕಪ್ಪು ಬಣ್ಣದ್ದು. ಹೆಣ್ಣಿನ ಮೈ ಕಂದು, ಮೇಲೆ ಬಿಳಿ ಚುಕ್ಕೆ. ಅದು ಕಿಕ್ ಕಿಕ್ ಎಂದು ಚೂರು ಚೂರಾಗಿ ಒದರುತ್ತದೆ. ಆದರೂ ಹಾಡುವ ಹೆಂಗಸರನ್ನೆಲ್ಲ ಕೋಗಿಲೆ ಎನ್ನುತ್ತೇವೆ. ಹತ್ತನೆಯ ಶತಮಾನದ ಪಂಪ ಬನವಾಸಿಯಲ್ಲಿ ದುಂಬಿಯೋ ಕೋಗಿಲೆಯೋ ಆಗಿ ಹುಟ್ಟಬೇಕೆಂದು ಬಯಸಿದಾಗ ಅದು ಗಂಡುಕವಿಯ ಬಯಕೆಯಾಗಿತ್ತು. ಕೋಗಿಲೆ ಹೆಂಗಸರಿಗೆ ಕೊಡುವ ಬಿರುದಾಗಿ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸರೋಜಿನಿ ನಾಯ್ಡು ‘ಭಾರತದ ಕೋಗಿಲೆ’ ಆದರು. ಇಂಗ್ಲಿಷಿನಲ್ಲಿ ಅವರಿಗಿದ್ದ ಹೆಸರು ನೈಟಿಂಗೇಲ್, ನಮ್ಮ ಯಾವ ಹಳ್ಳಿಯೂ ಕೇಳದ ಯುರೋಪಿನ ಹಕ್ಕಿ. ಭಾಷಾಂತರದಲ್ಲಿ ಅದು ಕೋಗಿಲೆಯಾಯಿತು. ಅಲ್ಲಿಯೂ ಹಾಡುವುದು ಗಂಡೇ.

ಸರೋಜಿನಿ ಕಾನ್ಪುರದ ಕಾಂಗ್ರೆಸ್ಸಿಗೆ ಅಧ್ಯಕ್ಷೆಯಾದದ್ದು 1925ರಲ್ಲಿ. ಅದರ ಹಿಂದಿನ ವರ್ಷ, 1924ರಲ್ಲಿ, ನಮ್ಮ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ನಡೆಯಿತು. ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ಧಾರವಾಡದ ಹನ್ನೊಂದು ವರ್ಷದ ಒಬ್ಬ ಹುಡುಗಿ ಇದ್ದಳು. ಆಕೆಯೇ ಮುಂದೆ ಗಂಗೂಬಾಯಿ ಹಾನಗಲ್. ಹಾಡುವವರ ಮನೆತನ, ಕೆಳಜಾತಿ. ಊಟ ಮುಗಿದ ಮೇಲೆ ಎಲೆ ಎತ್ತಿ ಸ್ವಚ್ಛ ಮಾಡೆಂದು ತನಗೆ ಹೇಳುತ್ತಾರೇನೋ ಎಂಬ ಅಂಜಿಕೆ ಆ ಹುಡುಗಿಗೆ ಇತ್ತೆಂದು ಅವರೇ ನೆನಪಿಸಿಕೊಂಡಿದ್ದಾರೆ. ದೇಶಕ್ಕೆ ಸ್ವಾಗತ ಕೋರುವ ಕೊರಳಿನೊಳಗೇ ಆ ಅಂಜಿಕೆ ಕೂತಿತ್ತು. ಗಂಡುಗಾಯಕ ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂದು ಹೇಳಿದವರೂ ಅವರೇ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಇಳಿದು ಗಂಡುದನಿಯ ಹಾಗೆ ಗಟ್ಟಿಯಾಯಿತು. ಕೋಗಿಲೆ ಎಂಬ ಮಾತು ಆ ದನಿಗೆ ಒಗ್ಗುವುದಿಲ್ಲ. ಒಗ್ಗದ್ದೇ ಒಳ್ಳೆಯದಾಯಿತು. ಆ ದನಿಯನ್ನು ಇಂಪು ಎಂದು ಹೇಳಿ ಕೈತೊಳೆದುಕೊಳ್ಳಲು ಯಾರಿಗೂ ಆಗಲಿಲ್ಲ, ಕೂತು ಕೇಳಬೇಕಾಯಿತು.

ಬೀಳಗಿಯ ಅಮೀರಬಾಯಿ ಕರ್ನಾಟಕಿಯವರಿಗೆ ‘ಕನ್ನಡ ಕೋಗಿಲೆ’ ಎಂಬ ಹೆಸರು ಬಂತು. ನಾಟಕ ಕಂಪನಿಯ ಲೋಕದಿಂದ ಬಂದು ಮುಂಬಯಿ ಸೇರಿದ ಮುಸ್ಲಿಂ ಹೆಣ್ಣುಮಗಳು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಹಿಂದೂಸ್ತಾನಕ್ಕೆಲ್ಲ ಗೊತ್ತಾದರು. 1965ರಲ್ಲಿ ತೀರಿಕೊಂಡರು. ಅವರ ಬದುಕನ್ನು ಕನ್ನಡಕ್ಕೆ ಮರಳಿ ತರಲು ರಹಮತ್ ತರೀಕೆರೆಯವರು ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ಬಿರುದು ಉಳಿದಿತ್ತು, ಬಾಳು ಮರೆತುಹೋಗಿತ್ತು.

ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಹಾಲಕ್ಕಿ ಒಕ್ಕಲಿಗರ ಈ ಹಾಡುಗಾರ್ತಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹೆಸರಿನ ಹಿಂದೆ ಜಾನಪದ ಕೋಗಿಲೆ, ಹಾಡುಹಕ್ಕಿ ಎಂಬ ವಿಶೇಷಣಗಳು ತಪ್ಪದೆ ಬರುತ್ತವೆ. ಅದೇ ಹೆಂಗಸು ತನ್ನೂರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿದವರು, ತಮ್ಮ ಜನವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಕೇಳಿದವರು. ಹಾಡುಹಕ್ಕಿಗೆ ಶಾಲು ಹೊದಿಸುವುದು ಸುಲಭ, ಹಕ್ಕಿಯ ಬೇಡಿಕೆ ಅಷ್ಟು ಸುಲಭಕ್ಕೆ ಕಿವಿಗೆ ಬೀಳುವುದಿಲ್ಲ. ಹಕ್ಕಿ ಮಾತಾಡುವುದಿಲ್ಲವಲ್ಲ!

ಮತ್ತೆ ನಮ್ಮ ಸೀಮೆಗೆ ಬರೋಣ. ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಸೇರುವ ಜನಸಾಗರದ ನಡುವೆ ಚೌಡಿಕಿಯ ತಂತಿ ಗುಂಯ್‌ಗುಡುತ್ತದೆ, ‘ಉಧೋ’ ಏಳುತ್ತದೆ. ಜೋಗತಿಯರು ಹಾಡುವ ಕಥೆಯಲ್ಲಿ ಜಮದಗ್ನಿಯ ಮಾತಿನಂತೆ ಪರಶುರಾಮ ತಾಯಿಯ ತಲೆ ಕಡಿಯುತ್ತಾನೆ. ಕೆಲವು ಹೇಳಿಕೆಗಳಲ್ಲಿ ರೇಣುಕೆಯ ಮುಂಡಕ್ಕೆ ಮಾತಂಗಿಯ ತಲೆ ಕೂಡುತ್ತದೆ. ಅಂದರೆ ಎಲ್ಲಮ್ಮ ನುಡಿಯುವುದು ಹೊಲತಿಯ ಬಾಯಿಂದ. ಈ ಕಥೆಯನ್ನು ತಲೆ-ಮುಂಡದ ಕಥೆಯಾಗಿ ಎಷ್ಟೋ ಜನ ಓದಿದ್ದಾರೆ. ನನಗೆ ಇದು ಕೊರಳಿನ ಕಥೆ. ಕಡಿದದ್ದು ಕೊರಳನ್ನು, ಕೂಡಿದ್ದೂ ಕೊರಳಿನಲ್ಲಿ. ಅಲ್ಲಿಂದಲೇ ಪದ ಹುಟ್ಟುತ್ತದೆ.

ಆ ಕೊರಳಿಗೇ ಮುತ್ತನ್ನೂ ಕಟ್ಟಿದರು ಎಂಬುದನ್ನು ಮರೆಯುವಂತಿಲ್ಲ. ಮಾದರ, ಹೊಲೆಯರ ಕೇರಿಯ ಎಳೆಯ ಹುಡುಗಿಯರನ್ನು ದೇವಿಯ ಹೆಸರಿನಲ್ಲಿ ಊರ ಉಳ್ಳವರಿಗೆ ಒಪ್ಪಿಸುವ ಕಟ್ಟಳೆ ಅದು. ತೊರಗಲ್ಲು ಯಾರ ಅಧೀನ ಜಹಗೀರಾಗಿತ್ತೋ ಆ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1920ರಲ್ಲಿ ಇದಕ್ಕೆ ಕಾನೂನಿನ ತಡೆ ಹಾಕಿದರು. ಮಾಣಗಾವಿಯ ಪರಿಷತ್ತಿನಲ್ಲಿ ಅಂಬೇಡ್ಕರರನ್ನು ಜನರ ಮುಂದೆ ನಿಲ್ಲಿಸಿದ ವರ್ಷವೂ ಅದೇ. ಸವದತ್ತಿ ಇದ್ದದ್ದು ಮುಂಬಯಿ ಇಲಾಖೆಯಲ್ಲಿ, ಅಲ್ಲಿ 1934ರಲ್ಲಿ ಕಾಯಿದೆ ಬಂತು. ಕರ್ನಾಟಕದ ಕಾಯಿದೆ 1982ರದು. ಚಳವಳಿಯವರಾದ ನಾವು ಎಂಬತ್ತು ತೊಂಬತ್ತರ ದಶಕಗಳಲ್ಲಿ ಗುಡ್ಡದ ದಾರಿಯಲ್ಲಿ ನಿಂತು ಮುತ್ತು ಕಟ್ಟುವುದನ್ನು ತಡೆದೆವು. ತಡೆದದ್ದು ಸರಿ, ಇವತ್ತೂ ತಡೆಯಬೇಕು. ಆದರೆ ಮುತ್ತಿನ ಸಂಗಡ ಚೌಡಿಕಿಯನ್ನೂ ನಾವು ಸಂಶಯದಿಂದ ನೋಡಿದೆವು. ಹಾಡಿದರೆ ಪದ್ಧತಿ ಉಳಿಯುತ್ತದೆ, ಹಾಡಬೇಡ ಆಯಿ ಎಂದು ನಾನೇ ಹೇಳಿದ್ದೇನೆ. ನಾವು ಕೈಬಿಟ್ಟ ಹಾಡನ್ನು ಉತ್ಸವಗಳು ಎತ್ತಿಕೊಂಡವು. ದೇವಿಯ ಹೆಸರು ಉಳಿಸಿ, ಉಳ್ಳವನ ಹೆಸರು ತೆಗೆದು, ಹದಿನೈದು ಮಿನಿಟಿಗೆ ಕತ್ತರಿಸಿ, ಮೈಕಿನ ಮುಂದೆ ನಿಲ್ಲಿಸಿ, ಕೋಗಿಲೆ ಎಂದು ಕರೆದವು. ಈ ಕರೆಯುವಿಕೆಯಲ್ಲಿ ನಮ್ಮ ಪಾಲೂ ಇದೆ.

ಇಂಥದ್ದಕ್ಕೆ ಪರ್ಯಾಯ ನಮ್ಮಲ್ಲೇ ಇತ್ತು ಎಂಬುದು ನೋವಿನ ಸಂಗತಿ. ಹರದೇಶಿ-ನಾಗೇಶಿಯ ಹಾಡಕಿಯಲ್ಲಿ ನಾಗೇಶಿ ಮೇಳದ ಹೆಂಗಸು ಬಹುಮಟ್ಟಿಗೆ ಕೆಳಗಿನ ಕೇರಿಯಿಂದಲೇ ಬಂದವಳು. ಶಿವ ದೊಡ್ಡವನೆಂದು ಗಂಡಸು ಹಾಡಿದರೆ ಶಕ್ತಿ ದೊಡ್ಡವಳೆಂದು ಆಕೆ ಪುರಾಣ ಎತ್ತಿ ಸವಾಲು ಹಾಕುತ್ತಾಳೆ, ತಪ್ಪಿದರೆ ಹಿಡಿಯುತ್ತಾಳೆ, ಬೆಳಗಾಗುವವರೆಗೆ ಬಿಡುವುದಿಲ್ಲ. ಅಲ್ಲಿ ಕೂತ ಜನ ಕೊರಳು ಇಂಪೋ ಅಲ್ಲವೋ ಎಂದು ಕೇಳುವುದಿಲ್ಲ. ‘ಎಂಥಾ ಜವಾಬ ಕೊಟ್ಳಲೇ!’ ಅನ್ನುತ್ತಾರೆ. ಬೈಲಹೊಂಗಲದ ಸಂಗ್ಯಾಬಾಳ್ಯಾ, ಕಿತ್ತೂರಿನ ಲಾವಣಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಪದ, ಇವೆಲ್ಲ ಹೀಗೆ ಜನರ ಮುಂದೆ ನಿಂತು ಬೆಳೆದವು. ರಾಯಣ್ಣನ ಲಾವಣಿಯನ್ನು 1880ರ ದಶಕದಲ್ಲಿ ಫ್ಲೀಟ್ ಸಾಹೇಬ ಅಚ್ಚು ಮಾಡಿಸಿದ. ಸರಕಾರಕ್ಕೆ ದಂಗೆಕೋರನಾದವನನ್ನು ಜನ ಏನೆಂದು ಹಾಡುತ್ತಾರೆಂದು ಆ ಅಧಿಕಾರಿಗೆ ತಿಳಿಯಬೇಕಿತ್ತು. ಪದದಲ್ಲಿ ಸುದ್ದಿ ಇದೆ, ನ್ಯಾಯ ಇದೆ ಎಂದು ಅವನಿಗಾದರೂ ಗೊತ್ತಿತ್ತು. ಹಕ್ಕಿಯ ಉಲಿ ಎಂದು ಅವನು ತಿಳಿಯಲಿಲ್ಲ.

ಕಾಗೆಗೆ ಅಮರಕೋಶ ಕೊಡುವ ಇನ್ನೊಂದು ಹೆಸರು ‘ಆತ್ಮಘೋಷ’. ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವುದು. ಹೊಗಳಿಕೆಗಾಗಿ ಕೊಟ್ಟ ಹೆಸರಿನಂತೆ ಕಾಣುವುದಿಲ್ಲ. 1975ರ ‘ಹೊಲೆಮಾದಿಗರ ಹಾಡು’ ಬಂದಾ‌ಗ ಇದು ಕಾವ್ಯವೇ, ಘೋಷಣೆಯಲ್ಲವೇ ಎಂದು ಕೇಳಿದವರ ಬಾಯಲ್ಲಿ ಈ ಹಳೆಯ ಹೆಸರಿನ ನೆರಳು ಇತ್ತು. ಅರವಿಂದ ಮಾಲಗತ್ತಿಯವರ ‘ಗವರ್ನಮೆಂಟ್ ಬ್ರಾಹ್ಮಣ’ದಿಂದ ಹಿಡಿದು ನಮ್ಮ ಆತ್ಮಕಥನಗಳ ಬಗ್ಗೆಯೂ ಇದೇ ಮಾತು ಬಂದಿದೆ. ಹೌದು, ನಮ್ಮ ಹೆಸರನ್ನು ನಾವೇ ಕೂಗಿಕೊಂಡೆವು. ಬೇರೆ ಯಾರೂ ಸರಿಯಾಗಿ ಕರೆದಿರಲಿಲ್ಲ.

ಆಯಿಯ ಅರ್ಜಿಯನ್ನು ಹೋದ ಸಲ ನಾನೇ ಮತ್ತೆ ಬರೆದೆ. ಹಳೆಯ ಪ್ರತಿಯಲ್ಲಿ ‘ವೃತ್ತಿ’ ಎಂಬಲ್ಲಿ ಯಾರೋ ‘ಕೂಲಿ’ ಎಂದು ತುಂಬಿದ್ದರು. ಸನ್ಮಾನಪತ್ರದ ಝೆರಾಕ್ಸ್ ಲಗತ್ತಿಸಬೇಕೆಂದು ಗುಮಾಸ್ತರು ಹೇಳಿದ್ದರು, ಲಗತ್ತಿಸಿದೆ. ವೃತ್ತಿ ಏನು ಬರೆಯಲಿ ಎಂದು ಕೇಳಿದಾಗ ಆಕೆ ತಡಮಾಡಲಿಲ್ಲ. ‘ಹಾಡಾಕಿ ಅಂತ ಬರಿ. ಹಂಗ ಬರದ್ರ ಅವ್ರಿಗೆ ತಿಳೀತೈತೋ ಇಲ್ಲೋ?’ ನಾನು ಬರೆದೆ. ಆಕೆ ಹೆಬ್ಬೆಟ್ಟು ಒತ್ತಿದಳು. ಮಳೆಗಾಲಕ್ಕೆ ಮುಂಚೆ ಏನಾದರೂ ಆಗಬೇಕು, ಈಗಿರುವ ಗುಡಿಸಲಿನ ಬಡಗಣ ಗೋಡೆ ಬಿದ್ದಿದೆ.